ಅಶ್ವಹೃದಯ

ಕುದುರೆಯನ್ನು ಸವಾರಿಗೋ ಗಾಡಿಗೋ ಸಿದ್ಧಗೊಳಿಸುವ ಕೆಲಸಕ್ಕೆ ಕನ್ನಡದಲ್ಲಿ ನಾವು 'ಪಳಗಿಸುವುದು' ಎನ್ನುತ್ತೇವೆ. ಇದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತಿನ ಅರ್ಥ 'ಮುರಿಯುವುದು' ಎಂದು. ಎರಡು ಭಾಷೆಗಳು ಒಂದೇ ಕೆಲಸವನ್ನು ಇಷ್ಟು ಬೇರೆಯಾಗಿ ಹೆಸರಿಸಿರುವುದನ್ನು ಕಂಡಾಗ, ಭಾಷೆಯನ್ನು ಪಾಠ ಹೇಳಿಕೊಂಡೇ ಬಾಳನ್ನು ಕಳೆದ ನನ್ನಂಥವನಿಗೆ ಕುತೂಹಲವುಂಟಾಗುವುದು ಸಹಜ. 'ಪಳಗು' ಎಂಬುದು ಹಳಗನ್ನಡದಲ್ಲಿ ೞಕಾರವಿದ್ದ ಶಬ್ದ. ತಮಿಳಿನಲ್ಲಿ ಇದರ ಸೋದರ ಶಬ್ದ ಇಂದಿಗೂ ನಿತ್ಯದ ಬಳಕೆಯಲ್ಲಿದೆ. ಒಡನಾಡು, ಪರಿಚಯ ಬೆಳೆಸು ಎಂಬ ಅರ್ಥಗಳು ಅದಕ್ಕಿವೆ. ಇಬ್ಬರು ಮನುಷ್ಯರ ನಡುವೆ ಸ್ನೇಹ ಕುದುರುವುದಕ್ಕೂ ಅಲ್ಲಿ ಅದೇ ಮಾತು. ಮುರಿಯುವ ಕೆಲಸ ಒಂದು ಗಳಿಗೆಯಲ್ಲಿ ಆಗಿಬಿಡಬಹುದು. ಪಳಗುವುದಕ್ಕೆ ಮಾತ್ರ ಕಾಲ ಬೇಕು. ಬೆದರುವ ಕುದುರೆಯೊಂದರ ನಂಬಿಕೆಯನ್ನು ಮನುಷ್ಯ ಹೇಗೆ ಗಳಿಸಿಕೊಳ್ಳುತ್ತಾನೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಕುದುರೆ ಏಕೆ ಬೆದರುತ್ತದೆ? ಆನೆಗೆ ಅದರ ಗಾತ್ರವೇ ರಕ್ಷಣೆ, ಎತ್ತಿಗೆ ಕೊಂಬಿದೆ, ಹುಲಿಗೆ ಉಗುರುಗಳಿವೆ. ಬಯಲಿನ ಹುಲ್ಲು ಮೇದು ಬದುಕಿದ ಕುದುರೆಗೆ ಪ್ರಕೃತಿ ಕೊಟ್ಟ ಮುಖ್ಯ ಆಯುಧ ಓಟ. ಒದೆಯುವುದೂ ಕಚ್ಚುವುದೂ ಓಡಲು ದಾರಿಯಿಲ್ಲದಾಗ ಅದು ಮಾಡುವ ಕೆಲಸಗಳು. ಅದರ ಮೈಯ ರಚನೆಯೆಲ್ಲ ಈ ಓಟಕ್ಕೆ ಅನುಗುಣವಾಗಿಯೇ ಇದೆ. ನೆಲದ ಮೇಲಿನ ಪ್ರಾಣಿಗಳಲ್ಲಿ ಅತಿ ದೊಡ್ಡ ಕಣ್ಣುಳ್ಳವುಗಳ ಸಾಲಿಗೆ ಕುದುರೆ ಸೇರುತ್ತದೆ. ಆ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಕತ್ತನ್ನು ತಿರುಗಿಸದೆಯೇ ಸುಮಾರು 350 ಡಿಗ್ರಿಗಳಷ್ಟು ಸುತ್ತಳತೆಯನ್ನು ಅದು ನೋಡಬಲ್ಲುದು. ಕಾಣದೆ ಉಳಿಯುವುದು ಬೆನ್ನ ಹಿಂದಿನ ಒಂದಿಷ್ಟು ಜಾಗ, ಹಣೆಯ ಮುಂದಿನ ಒಂದಿಷ್ಟು ಜಾಗ. ಎರಡು ಕಿವಿಗಳೂ ಬೇರೆ ಬೇರೆ ದಿಕ್ಕುಗಳಿಗೆ ತಿರುಗಬಲ್ಲವು. ಹುಲ್ಲಿನಲ್ಲಿ ಏನೋ ಅಲುಗಿದಾಗ, 'ಅದು ಗಾಳಿಯೋ ಹುಲಿಯೋ ನೋಡೋಣ' ಎಂದು ನಿಂತ ಕುದುರೆಗಳ ಸಂತಾನ ಉಳಿಯಲಿಲ್ಲ. ಮೊದಲು ಓಡಿ ಆಮೇಲೆ ತಿರುಗಿ ನೋಡಿದವುಗಳ ಸಂತಾನ ಉಳಿಯಿತು. ದಾರಿಯಲ್ಲಿ ಹಾರಿ ಬಂದ ಒಂದು ಕಾಗದದ ಚೂರಿಗೆ ಕುದುರೆ ಬೆಚ್ಚಿಬಿದ್ದಾಗ ಸವಾರನಿಗೆ ಅದು ಹುಚ್ಚುತನವಾಗಿ ಕಾಣುತ್ತದೆ. ಕುದುರೆಯ ಪಾಲಿಗೆ ಅದು ಅನಾದಿಕಾಲದ ವಿವೇಕ.

ವೋಲ್ಗಾ ಮತ್ತು ಡಾನ್ ನದಿಗಳ ಸೀಮೆಯ ಹುಲ್ಲುಗಾವಲಿನಲ್ಲಿ ಸುಮಾರು 4200 ವರ್ಷಗಳ ಹಿಂದೆ ಪಳಗಿದ ಕುದುರೆಗಳ ಸಂತತಿಯೇ ಇಂದು ಲೋಕದಲ್ಲೆಲ್ಲ ಹಬ್ಬಿರುವುದೆಂದು, ಪ್ರಾಚೀನ ಮೂಳೆಗಳಲ್ಲಿ ದೊರೆತ ವಂಶವಾಹಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2021ರಲ್ಲಿ ಪ್ರಕಟಿಸಿದರು. ನಾಲ್ಕು ಸಾವಿರ ವರ್ಷಗಳ ಒಡನಾಟವಾದರೂ ಆ ಮೂಲಭಯ ಅಳಿದಿಲ್ಲ. ಹುಟ್ಟುವ ಪ್ರತಿಯೊಂದು ಮರಿಯೊಡನೆಯೂ ಮನುಷ್ಯ ತನ್ನ ಪರಿಚಯವನ್ನು ಮೊದಲಿನಿಂದ ಹೇಳಿಕೊಳ್ಳಬೇಕಾಗಿದೆ.

ಭಯಪಟ್ಟ ಕುದುರೆಯ ಪ್ರಸಿದ್ಧ ಕಥೆಯೆಂದರೆ ಅಲೆಗ್ಸಾಂಡರನ ಬ್ಯುಸೆಫಲಸನದು. ಗ್ರೀಕ್ ಚರಿತ್ರಕಾರ ಪ್ಲುಟಾರ್ಕ್ ಇದನ್ನು ಸೊಗಸಾಗಿ ಹೇಳಿದ್ದಾನೆ. ಥೆಸಲಿಯ ವ್ಯಾಪಾರಿಯೊಬ್ಬ 13 ಟ್ಯಾಲೆಂಟುಗಳ ಬೆಲೆ ಹೇಳಿ ಈ ಕುದುರೆಯನ್ನು ದೊರೆ ಫಿಲಿಪ್ಪನ ಬಳಿಗೆ ತಂದನು. ಯಾರು ಹತ್ತಿರ ಹೋದರೂ ಅದು ಹಿಂಗಾಲ ಮೇಲೆ ನಿಂತು ಎಗರಾಡಿತು. ದೊರೆ ಸಿಟ್ಟಾಗಿ, ಇದನ್ನು ಆಚೆಗೆ ಕೊಂಡೊಯ್ಯಿರಿ ಎಂದನು. ಬಾಲಕ ಅಲೆಗ್ಸಾಂಡರ್ ಮಾತ್ರ ಒಂದು ಸಂಗತಿಯನ್ನು ಗಮನಿಸಿದ್ದನು: ಕುದುರೆ ಬೆದರುತ್ತಿದ್ದುದು ತನ್ನ ಮುಂದೆ ನೆಲದ ಮೇಲೆ ಕುಣಿಯುತ್ತಿದ್ದ ತನ್ನದೇ ನೆರಳಿಗೆ. ಅವನು ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿದನು. ನೆರಳು ಹಿಂದೆ ಬಿತ್ತು. ಕೈಯಿಂದ ಸವರುತ್ತ ಸ್ವಲ್ಪ ದೂರ ಅದರ ಪಕ್ಕದಲ್ಲೇ ಓಡಿದನು. ಮೇಲುಹೊದಿಕೆಯನ್ನು ಸದ್ದಿಲ್ಲದೆ ಕೆಳಗೆ ಜಾರಿಸಿ, ಹಗುರಾಗಿ ನೆಗೆದು ಕುಳಿತನು. ಈ ಕುದುರೆ ಅವನನ್ನು ಹೊತ್ತು ನಮ್ಮ ದೇಶದವರೆಗೂ ಬಂದಿತು. ಕ್ರಿಸ್ತಪೂರ್ವ 326ರ ಝೀಲಂ ನದಿಯ ಕಾಳಗದ ಬಳಿಕ ಅದು ತೀರಿಕೊಂಡಾಗ, ಆ ನದಿಯ ದಡದಲ್ಲಿ ಅದರ ಹೆಸರಿನ ಒಂದು ಪಟ್ಟಣವನ್ನೇ ಅವನು ಕಟ್ಟಿಸಿದನು.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯೆಂದು ಮಕ್ಕಳಿಗೆ ಹೇಳುತ್ತಾರೆ. ನನಗೆ ಅದು ಗಮನದ ಕಥೆಯಾಗಿ ಕಾಣುತ್ತದೆ. ಅಲ್ಲಿ ನೆರೆದಿದ್ದ ಬಲಶಾಲಿಗಳೆಲ್ಲ 'ಈ ಕುದುರೆಯನ್ನು ಹೇಗೆ ಅಡಗಿಸುವುದು' ಎಂದು ಯೋಚಿಸುತ್ತಿದ್ದಾಗ, 'ಇದು ಯಾವುದಕ್ಕೆ ಹೆದರುತ್ತಿದೆ' ಎಂದು ಕೇಳಿಕೊಂಡವನು ಒಬ್ಬ ಹುಡುಗ.

ಅಲೆಗ್ಸಾಂಡರನಿಗಿಂತ ಒಂದು ತಲೆಮಾರು ಹಿಂದೆಯೇ ಅಥೆನ್ಸಿನ ಕ್ಸೆನೊಫನ್ ಕುದುರೆ ಸವಾರಿಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದಿದ್ದನು. ಸಾಕ್ರಟೀಸನ ಶಿಷ್ಯ, ಸೇನಾನಿ, ಚರಿತ್ರಕಾರ. ಕುದುರೆಗಳ ನಡುವೆ ಬಾಳಿದವನು. ಅವನ ಉಪದೇಶದ ತಿರುಳು ಇಷ್ಟು. ಕುದುರೆಯ ಬಳಿಗೆ ಸಿಟ್ಟಿನಿಂದ ಎಂದೂ ಹೋಗಬಾರದು. ಸಿಟ್ಟಿಗೆ ಮುಂದಾಲೋಚನೆಯಿಲ್ಲ, ಆಮೇಲೆ ಪಶ್ಚಾತ್ತಾಪಪಡಬೇಕಾದದ್ದನ್ನು ಅದು ಮಾಡಿಸುತ್ತದೆ. ಕುದುರೆ ಯಾವುದಾದರೂ ವಸ್ತುವಿಗೆ ಬೆದರಿದರೆ, ಅದರಲ್ಲಿ ಭಯಪಡುವಂಥದ್ದು ಏನೂ ಇಲ್ಲವೆಂದು ಅದಕ್ಕೆ ತೋರಿಸಿಕೊಡಬೇಕು; ಸವಾರ ತಾನೇ ಮೊದಲು ಆ ವಸ್ತುವನ್ನು ಮುಟ್ಟಿ, ಕುದುರೆಯನ್ನು ಮೆಲ್ಲಗೆ ಹತ್ತಿರಕ್ಕೆ ಕರೆದೊಯ್ಯಬೇಕು. ಹೊಡೆದು ನೂಕಿದರೆ ಭಯ ಇಮ್ಮಡಿಯಾಗುತ್ತದೆ. ಏಕೆಂದರೆ ಪೆಟ್ಟಿನ ನೋವಿಗೂ ಆ ವಸ್ತುವೇ ಕಾರಣವೆಂದು ಕುದುರೆ ತಿಳಿಯುತ್ತದೆ.

ಈ ಕೊನೆಯ ಮಾತನ್ನು ಸ್ವಲ್ಪ ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ನಾವು ಹೊಡೆಯುವುದು ಬೆದರಿದ್ದಕ್ಕಾಗಿ. ಕುದುರೆಗೆ ಆ ತರ್ಕ ತಿಳಿಯದು. ಅದರ ಅನುಭವದಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದುವು: ಎದುರಿಗೆ ಆ ವಸ್ತು, ಬೆನ್ನ ಮೇಲೆ ಆ ನೋವು. ಹೆದರಿದ್ದು ಸರಿಯಾಯಿತು ಎಂಬುದೇ ಅದು ಕಲಿತ ಪಾಠ.

ನಮ್ಮಲ್ಲೂ ಅಶ್ವವಿದ್ಯೆ ಹಳೆಯದು. ಶಾಲಿಹೋತ್ರನ ಹೆಸರು ಕುದುರೆಯ ವೈದ್ಯಕ್ಕೇ ಪರ್ಯಾಯವಾಗಿ ನಿಂತಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ಕನ್ನಡದಲ್ಲಿ ಅಭಿನವಚಂದ್ರ ಅಶ್ವಶಾಸ್ತ್ರವನ್ನು ಬರೆದನು. ಆದರೆ ಗ್ರಂಥಗಳನ್ನು ಓದದ ಒಬ್ಬರಲ್ಲಿ ಈ ವಿದ್ಯೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

1970ರ ಸುಮಾರು. ನಮ್ಮೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ಏಳೆಂಟು ಜಟಕಾಗಳು ನಿಲ್ಲುತ್ತಿದ್ದುವು. ಅವುಗಳಲ್ಲೊಂದರ ಯಜಮಾನರು ಸುಮಾರು ಐವತ್ತು ವಯಸ್ಸಿನ ಒಬ್ಬ ಸಾಹೇಬರು. ಅವರ ಮುದಿ ಕುದುರೆ ಸತ್ತ ಮೇಲೆ, ಸಾಲಮಾಡಿ ಸಂತೆಯಿಂದ ಒಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ತಂದರು. ನೋಡುವುದಕ್ಕೆ ಲಕ್ಷಣವಾಗಿತ್ತು, ಗಾಡಿಗೂ ಒಗ್ಗಿತ್ತು. ಆದರೆ ಉಗಿಬಂಡಿಯ ಸದ್ದು ಕೇಳಿದರೆ ಸಾಕು, ಮೈಯೆಲ್ಲ ನಡುಗಿ ಬೆವರಿ, ಗಾಡಿಯ ಸಮೇತ ದಿಕ್ಕೆಟ್ಟು ಓಡುತ್ತಿತ್ತು. ಜಟಕಾದವರಿಗೆ ರೈಲಿನಿಂದಲೇ ಅನ್ನ. ರೈಲಿಗೆ ಹೆದರುವ ಕುದುರೆಯನ್ನು ಕಟ್ಟಿಕೊಂಡು ಅವರು ಮಾಡುವುದೇನು? ಮೊದಲ ವಾರದಲ್ಲೇ ಗಾಡಿ ಚರಂಡಿಗೆ ಇಳಿದು ಒಂದು ಚಕ್ರ ಮುರಿಯಿತು. ಉಳಿದ ಜಟಕಾದವರು ತಲೆಗೊಂದು ಸಲಹೆ ಕೊಟ್ಟರು. ಸ್ಟೇಷನ್ನಿನ ಕಂಬಕ್ಕೆ ಬಿಗಿಯಾಗಿ ಕಟ್ಟಿಹಾಕಿ ಎರಡು ರೈಲು ಹೋಗುವವರೆಗೆ ಬಾರಿಸಿ ಎಂದರು ಕೆಲವರು. ಬಂದಷ್ಟಕ್ಕೆ ಮಾರಿಬಿಡಿ ಎಂದರು ಇನ್ನು ಕೆಲವರು.

ಅವರು ಎರಡನ್ನೂ ಮಾಡಲಿಲ್ಲ. ಗಾಡಿಯನ್ನು ಮನೆಯ ಮುಂದೆ ಮೂಕಿ ಊರಿಸಿ ನಿಲ್ಲಿಸಿದರು. ದಿನವೂ ಸಂಜೆ ರೈಲು ಬರುವ ಹೊತ್ತಿಗೆ ಬರಿ ಕುದುರೆಯನ್ನು ಹಗ್ಗದಲ್ಲಿ ಹಿಡಿದುಕೊಂಡು ಹಳಿಯಿಂದ ಎರಡು ಹೊಲಗಳಾಚೆಗಿದ್ದ ಹುಣಿಸೆಮರದ ಕೆಳಗೆ ಬಂದು ನಿಲ್ಲುತ್ತಿದ್ದರು. ಹೆಗಲ ಚೀಲದಲ್ಲಿ ಬೇಯಿಸಿದ ಹುರುಳಿ. ದೂರದಲ್ಲಿ ಕೂಗು ಕೇಳಿದಾಗ ಕುದುರೆ ತಲೆಯೆತ್ತಿ, ಕಿವಿ ನಿಮಿರಿಸಿ, ಮೂಗಿನ ಹೊಳ್ಳೆ ಅರಳಿಸುತ್ತಿತ್ತು. ಅವರು ಹಗ್ಗವನ್ನು ಬಿಗಿಹಿಡಿಯುತ್ತಿರಲಿಲ್ಲ. ಕುದುರೆ ನಾಲ್ಕು ಹೆಜ್ಜೆ ಹಿಂದೆ ಸರಿದರೆ ತಾವೂ ಅದರ ಜೊತೆಗೆ ನಾಲ್ಕು ಹೆಜ್ಜೆ ಸರಿಯುತ್ತಿದ್ದರು. ಕತ್ತು ಬೆನ್ನನ್ನು ಕೂಡುವ ಕಡೆ, ಹೆಗಲ ದಿಬ್ಬದ ಮೇಲೆ, ಬೆರಳುಗಳಿಂದ ಮೆಲ್ಲಗೆ ಕೆರೆಯುತ್ತ ತಮ್ಮಷ್ಟಕ್ಕೆ ಏನನ್ನೋ ಗುನುಗುತ್ತಿದ್ದರು. ರೈಲು ಹೋದ ಮೇಲೆ ಕುದುರೆ ಒಂದು ದೀರ್ಘವಾದ ಉಸಿರು ಬಿಟ್ಟು, ತಲೆ ತಗ್ಗಿಸಿ, ತುಟಿ ಚಪ್ಪರಿಸಿದಾಗ ಹುರುಳಿಯ ಚೀಲ ಬಿಚ್ಚುತ್ತಿದ್ದರು. ಅಲ್ಲಿಗೆ ಆ ದಿನದ ಪಾಠ ಮುಗಿಯಿತು.

ನಾವು ಹುಡುಗರು ಗೋಲಿಯಾಟವನ್ನು ಬಿಟ್ಟು ಇದನ್ನು ನೋಡುತ್ತ ನಿಲ್ಲುತ್ತಿದ್ದೆವು. ವಾರಕ್ಕೊಮ್ಮೆ ಒಂದು ಹತ್ತು ಮಾರು ಹಳಿಯ ಕಡೆಗೆ, ಅಷ್ಟೆ. ಒಂದು ದಿನ ಎಂಜಿನ್ನು ಸರಿಯಾಗಿ ಎದುರಿಗೇ ಬುಸ್ಸೆಂದು ಉಗಿ ಬಿಟ್ಟಿತು. ಕುದುರೆ ಹಗ್ಗ ಕಿತ್ತುಕೊಂಡು ಓಡಿತು. ಮರುದಿನ ಅವರು ಮತ್ತೆ ಹುಣಿಸೆಮರದ ಕೆಳಗೇ ಬಂದು ನಿಂತರು. ಮೂರು ವಾರಗಳ ಕೆಲಸ ನೀರಿನಲ್ಲಿ ಹೋಮವಾಯಿತಲ್ಲ ಎಂದು ನಮಗೆಲ್ಲ ಅನ್ನಿಸಿತು. ನಮ್ಮಲ್ಲೊಬ್ಬ, "ಯಾಕ್ ಸಾಬ್ರೇ, ಎರಡು ಬಿಗೀಬಾರ್ದಾ?" ಎಂದು ಕೇಳಿಯೇಬಿಟ್ಟ. ಅವರು ನಕ್ಕು, "ಇದಕ್ಕೆ ಹೊಡೆದ್ರೆ ರೈಲು ಕೂಗೋದು ಬಿಡ್ತದಾ, ಮರಿ?" ಎಂದರು. ಆ ದಿನಗಳಲ್ಲಿ ಅವರ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತೆಂದೂ, ಅವರ ಹೆಂಡತಿ ಬೀಡಿ ಸುತ್ತಿ ಸಂಸಾರವನ್ನೂ ಕುದುರೆಯ ಹುರುಳಿಯನ್ನೂ ತೂಗಿಸಿದರೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಾಳ್ಮೆ ಎಂಬ ಗುಣವನ್ನು ನಾವು ಸುಲಭವಾಗಿ ಹೊಗಳುತ್ತೇವೆ. ಅದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳುವುದು ಅಪರೂಪ. ದೀಪಾವಳಿ ಕಳೆದು ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ಆ ಕುದುರೆ ಸ್ಟೇಷನ್ನಿನ ಮುಂದೆ ಗಾಡಿ ಹೂಡಿಕೊಂಡು ನಿಂತಿತು. ರೈಲು ಬಂದಾಗ ಅದರ ಒಂದು ಕಿವಿ ರೈಲಿನ ಕಡೆಗಿರುತ್ತಿತ್ತು, ಇನ್ನೊಂದು ಕಿವಿ ಯಜಮಾನರ ಕಡೆಗೆ.

ಈಚಿನ ವಿಜ್ಞಾನಿಗಳು ಪರೀಕ್ಷಿಸಿ ಹೇಳಿರುವ ಹಲವು ಸಂಗತಿಗಳನ್ನು ಓದುವಾಗ ನನಗೆ ಆ ಹುಣಿಸೆಮರ ನೆನಪಾಗುತ್ತದೆ. ಕುದುರೆಗಳು ತಮ್ಮತಮ್ಮಲ್ಲಿ ಸ್ನೇಹದಿಂದ ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಆ ಹೆಗಲ ದಿಬ್ಬವೇ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ನಿಧಾನವಾಗುತ್ತದೆಂದು ಫ್ರಾನ್ಸಿನ ಕಾಮಾರ್ಗ್ ತಳಿಯ ಕುದುರೆಗಳ ಮೇಲೆ ನಡೆಸಿದ ಅಧ್ಯಯನವೊಂದು 1993ರಲ್ಲಿ ತೋರಿಸಿಕೊಟ್ಟಿತು. ಇಂದಿನ ಅಶ್ವಶಿಕ್ಷಕರ ಮುಖ್ಯ ಸೂತ್ರವೂ ಹುಣಿಸೆಮರದ ಕೆಳಗೆ ನಡೆದದ್ದೇ: ನೇರವಾಗಿ ಕಣ್ಣಿಟ್ಟು ಎದುರಿನಿಂದ ಹೋಗದೆ, ಓರೆಯಾಗಿ ಹೆಗಲ ಕಡೆಯಿಂದ ಸಮೀಪಿಸುವುದು, ಕುದುರೆ ಮೈ ಬಿಗಿದಾಗ ಅಲ್ಲಿಯೇ ನಿಲ್ಲುವುದು, ಅದು ಸಡಿಲಗೊಂಡ ಕೂಡಲೇ ಹಿಂದೆ ಸರಿದು ಬಿಡುವು ಕೊಡುವುದು. ಈ ಹಿಂದೆ ಸರಿಯುವುದರಲ್ಲಿಯೇ ಗುಟ್ಟಿದೆ. ತಾನು ಶಾಂತವಾಗಿ ನಿಂತರೆ ಒತ್ತಡ ದೂರವಾಗುತ್ತದೆ ಎಂದು ಕುದುರೆ ಕಲಿಯುತ್ತದೆ. ಗಾಬರಿಯಾಗಿ ಎಗರಿದಾಗ ಬಿಟ್ಟುಕೊಟ್ಟರೆ ಎಗರುವುದನ್ನೇ ಕಲಿಯುತ್ತದೆ. ಸರಿಯಾದ ಗಳಿಗೆಯನ್ನು ಗುರುತಿಸಲು ಶಿಕ್ಷಕನು ಕಿವಿ, ಕಣ್ಣು, ಉಸಿರು, ತುಟಿ ಎಲ್ಲವನ್ನೂ ಓದುತ್ತಿರಬೇಕು. ಸುಮ್ಮನೆ ಕಾಯುವುದಕ್ಕೂ ಈ ತಾಳ್ಮೆಗೂ ಬಹಳ ಅಂತರವಿದೆ.

ನಾವು ಕುದುರೆಯನ್ನು ಓದುವುದಕ್ಕಿಂತ ಚೆನ್ನಾಗಿ ಕುದುರೆ ನಮ್ಮನ್ನು ಓದುತ್ತದೆ. ಇದಕ್ಕೆ ವಿಚಿತ್ರವಾದ ಒಂದು ನಿದರ್ಶನವುಂಟು. 20ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ಶಾಲಾಮಾಸ್ತರರ ಬಳಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲವನ್ನು ಬಡಿದು ಸರಿಯಾದ ಉತ್ತರ ಹೇಳುತ್ತಿತ್ತು. 1904ರಲ್ಲಿ ಪಂಡಿತರ ಮಂಡಳಿ ಪರೀಕ್ಷಿಸಿ, ಮೋಸವೇನೂ ಇಲ್ಲ ಎಂದಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ಎಂಬಾತ ಕಂಡುಹಿಡಿದುದೇನೆಂದರೆ, ಪ್ರಶ್ನೆ ಕೇಳಿದವರಿಗೇ ಉತ್ತರ ತಿಳಿಯದಿದ್ದಾಗ ಕುದುರೆಗೂ ತಿಳಿಯುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ತಮಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ಕಾಲು ನಿಲ್ಲಿಸುತ್ತಿತ್ತು. ಹಾನ್ಸನಿಗೆ ಗಣಿತ ಬರುವುದಿಲ್ಲವೆಂದು ಜನ ನಿರಾಶರಾದರು. ಮನುಷ್ಯರಿಗೇ ಕಾಣದ ಮನುಷ್ಯರ ಚಲನೆ ಅದಕ್ಕೆ ಕಂಡಿತಲ್ಲ, ಅದು ಗಣಿತಕ್ಕಿಂತ ದೊಡ್ಡ ವಿದ್ಯೆಯೆಂದು ನನಗೆ ತೋರುತ್ತದೆ.

ಇದಕ್ಕೆ ಪೂರಕವಾಗಿ ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕುದುರೆಯನ್ನು ನಡೆಸುವವರಿಗೂ ಸವಾರರಿಗೂ ಒಂದೇ ದಾರಿಯಲ್ಲಿ ಹಲವು ಬಾರಿ ಹೋಗಿಬರಲು ಹೇಳಿ, ಕೊನೆಯ ಸುತ್ತಿಗೆ ಮುಂಚೆ, "ಈ ಸಲ ಕುದುರೆಯ ಮುಂದೆ ಫಕ್ಕನೆ ಕೊಡೆ ಬಿಚ್ಚುತ್ತೇವೆ" ಎಂದು ತಿಳಿಸಿದರು. ಕೊಡೆಯನ್ನು ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಏನೂ ಅರಿಯದ ಕುದುರೆಗಳ ಎದೆಬಡಿತವೂ ಏರಿತು. ಆದ್ದರಿಂದ ಬೆದರುವ ಕುದುರೆಯನ್ನು ಶಾಂತಗೊಳಿಸ ಹೊರಟವನು ಮೊದಲು ತನ್ನ ಉಸಿರನ್ನು ನೋಡಿಕೊಳ್ಳಬೇಕು. ನಾಲಗೆಯಿಂದ 'ಹೆದರಬೇಡ' ಎಂದು ಹೇಳಿ, ಅಂಗೈಯಲ್ಲಿ ಬೆವರಿಟ್ಟುಕೊಂಡರೆ ಕುದುರೆ ಅಂಗೈಯನ್ನೇ ನಂಬುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುದುರೆ ಸುಮ್ಮನಾಯಿತೆಂದ ಮಾತ್ರಕ್ಕೆ ಅದು ನಂಬಿತೆಂದು ಹೇಳಬಹುದೆ? 1858ರಲ್ಲಿ ಜಾನ್ ರೇರಿ ಎಂಬ ಅಮೆರಿಕದ ಶಿಕ್ಷಕನು ಇಂಗ್ಲೆಂಡಿಗೆ ಬಂದು, ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ತೋರಿಸಿದನು. ಕ್ರೂಸರ್ ಎಂಬ, ಯಾರೂ ಹತ್ತಿರ ಸುಳಿಯಲಾರದಂಥ ಮಹಾ ಕ್ರೂರ ಗಂಡುಕುದುರೆಯನ್ನು ಕೆಲವೇ ಗಂಟೆಗಳಲ್ಲಿ ಪಳಗಿಸಿ ಹೆಸರು ಪಡೆದನು. ಅವನು ಚಾವಟಿಯನ್ನು ನಿಂದಿಸಿದವನು, ದಯೆಯನ್ನು ಬೋಧಿಸಿದವನು. ಆದರೆ ಅವನ ಉಪಾಯ ಹೀಗಿತ್ತು: ಕುದುರೆಯ ಒಂದು ಮುಂಗಾಲನ್ನು ಮಡಿಸಿ ಪಟ್ಟಿಯಿಂದ ಬಿಗಿಯುವುದು, ಆಮೇಲೆ ಇನ್ನೊಂದನ್ನು, ಹೆಣಗಿ ಹೆಣಗಿ ದಣಿದು ಅದು ನೆಲಕ್ಕೆ ಒರಗಿದ ಮೇಲೆ ಮೈಯೆಲ್ಲ ಸವರಿ, ಏನೂ ಅಪಾಯವಿಲ್ಲವೆಂದು ತಿಳಿಸುವುದು. ಓಡುವುದೊಂದೇ ರಕ್ಷಣೆಯಾದ ಪ್ರಾಣಿಗೆ ಕಾಲೇ ಇಲ್ಲದಂತಾದಾಗ ಅದು ಏನು ಮಾಡಬೇಕು? ಅಂಥ ಶಾಂತಿಯಲ್ಲಿ ನಂಬಿಕೆ ಎಷ್ಟು, ಆಸೆಬಿಟ್ಟ ನಿರುಪಾಯ ಎಷ್ಟು ಎಂದು ಇಂದಿನ ಶಿಕ್ಷಕರು ಕೇಳುತ್ತಾರೆ. ಹೊರಗಿನಿಂದ ನೋಡಿದರೆ ಎರಡು ಕುದುರೆಗಳೂ ಅಲುಗದೆ ನಿಂತಿರುತ್ತವೆ. ಒಂದರ ಕಿವಿಗಳು ಜೀವಂತವಾಗಿ ಆಡುತ್ತಿರುತ್ತವೆ, ಇನ್ನೊಂದರ ಕಣ್ಣು ಬತ್ತಿರುತ್ತದೆ. ನಂಬಿದ ಕುದುರೆ ಓಡಬಲ್ಲುದು, ಆದರೂ ನಿಂತಿದೆ.

ಈ ವ್ಯತ್ಯಾಸ ಕುದುರೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ತರಗತಿಯ ಕೊನೆಯ ಬೆಂಚಿನಲ್ಲಿ ವರ್ಷವೆಲ್ಲ ಬಾಯಿ ತೆರೆಯದೆ ಕುಳಿತಿದ್ದರೆ, 'ಬಹಳ ವಿಧೇಯಳು' ಎಂದು ಮೇಷ್ಟರು ಮೆಚ್ಚಿಕೊಳ್ಳುವುದುಂಟು. ಹೊಸ ಸೊಸೆ ಎದುರಾಡದಿದ್ದರೆ 'ನಮ್ಮ ಮನೆಗೆ ಹೊಂದಿಕೊಂಡಳು' ಎಂದು ಹಿರಿಯರು ಸಮಾಧಾನಪಡುವುದುಂಟು. ಆ ಮೌನ ಯಾವ ಬಗೆಯದು ಎಂದು ವಿಚಾರಿಸುವವರು ಕಡಮೆ.

ಮೈಸೂರಿನ ದಸರೆಯ ಮುನ್ನ ನಡೆಯುವ ಒಂದು ತಾಲೀಮನ್ನು ನೀವು ಕಂಡಿರಬಹುದು. ವಿಜಯದಶಮಿಯ ದಿನ 21 ಕುಶಾಲತೋಪುಗಳು ಹಾರುತ್ತವೆ. ಆ ಸದ್ದಿಗೆ ಆನೆಗಳೂ ಅಶ್ವಾರೋಹಿ ದಳದ ಕುದುರೆಗಳೂ ಬೆದರಬಾರದೆಂದು, ಮೊದಲೇ ಕೆಲವು ದಿನ ಅವುಗಳನ್ನು ಒಂದೆಡೆ ನಿಲ್ಲಿಸಿ ಫಿರಂಗಿ ಹಾರಿಸಿ ರೂಢಿಮಾಡಿಸುತ್ತಾರೆ. ಮೊದಲ ಸದ್ದಿಗೆ ಕುದುರೆಗಳು ಚದರುವುದುಂಟು. ಸವಾರರು ಕತ್ತು ತಟ್ಟಿ, ಮಾತಾಡಿಸಿ, ಮತ್ತೆ ಸಾಲಿಗೆ ತರುತ್ತಾರೆ. ಜಂಬೂಸವಾರಿಯ ದಿನ ನಾವು ಕಾಣುವ ಆ ಗಂಭೀರವಾದ ನಡಿಗೆಯ ಹಿಂದೆ ಹೀಗೆ ಕತ್ತು ತಟ್ಟಿದ ಎಷ್ಟೋ ಕೈಗಳಿವೆ.

ಮಹಾಭಾರತದ ನಳನ ಕಥೆಯಲ್ಲಿ 'ಅಶ್ವಹೃದಯ' ಎಂಬ ಒಂದು ವಿದ್ಯೆಯ ಮಾತು ಬರುತ್ತದೆ. ಕುದುರೆಯ ಹೃದಯವನ್ನು ಬಲ್ಲ ವಿದ್ಯೆ. ದಮಯಂತಿಗೆ ಎರಡನೆಯ ಸ್ವಯಂವರವೆಂಬ ಸುದ್ದಿ ಕೇಳಿ, ಅಯೋಧ್ಯೆಯ ದೊರೆ ಋತುಪರ್ಣನು ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ಅವಸರಪಡುತ್ತಾನೆ. ಬಾಹುಕನ ವೇಷದಲ್ಲಿರುವ ನಳ ಬಡಕಲಾಗಿ ಕಾಣುವ ಕುದುರೆಗಳನ್ನೇ ಆರಿಸುತ್ತಾನೆ. ದೊರೆ ಆತುರದಿಂದ ರಥವನ್ನು ಏರುತ್ತಲೇ ಆ ಕುದುರೆಗಳು ಮೊಣಕಾಲೂರಿ ನೆಲಕ್ಕೆ ಬೀಳುತ್ತವೆ. ಹೊತ್ತು ಮೀರುತ್ತಿದೆ, ದೊರೆಗೆ ಅನುಮಾನ; ಅತ್ತ ವಿದರ್ಭದಲ್ಲಿ ತನ್ನ ಹೆಂಡತಿಯೇ ಕೈತಪ್ಪಿಹೋಗುವ ಭಯ ನಳನಿಗೂ ಇದೆ. ಅಂಥ ಗಳಿಗೆಯಲ್ಲಿ ಅವನು ಚಾವಟಿಯನ್ನು ಎತ್ತಲಿಲ್ಲ. ಕುದುರೆಗಳನ್ನು ಸಂತೈಸಿದನು ಎಂದು ವ್ಯಾಸರು ಹೇಳುತ್ತಾರೆ. ಆಮೇಲೆ ಆ ರಥ ಓಡಿದ ವೇಗವನ್ನು ಕಂಡು ಋತುಪರ್ಣ ಬೆರಗಾದನು. ಸಂತೈಸುವುದಕ್ಕೆ ನಿಂತ ಆ ಸ್ವಲ್ಪ ಹೊತ್ತು ಪ್ರಯಾಣದಲ್ಲಿ ವ್ಯರ್ಥವಾದ ಹೊತ್ತೆಂದು ದೊರೆಗೆ ಆಗ ಅನ್ನಿಸಿರಬೇಕು. ಪ್ರಯಾಣ ಮೊದಲಾದದ್ದೇ ಅಲ್ಲಿಂದ.